ಕಣ್ಣು ಆರಿಸಿದ್ದನ್ನೇ ಕೈ ಮುಟ್ಟುತ್ತದೆಯೇ?

ಕ್ರೀಸ್‌ನಂಚು:
ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬ್ಯಾಟಿಂಗ್ ಹೇಳಿಕೊಡುತ್ತೇನೆ. "ಚೆಂಡಿನಿಂದ ಕಣ್ಣು ಕೀಳಬೇಡ" ಅಂತ ನೆಟ್ಸ್‌ನಲ್ಲಿ ಕೂಗುವುದು ನಮ್ಮೆಲ್ಲರ ಅಭ್ಯಾಸ. ಆದರೆ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಾಯ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಬೌಲಿಂಗ್ ಮೆಷಿನ್ ಎದುರು ನಿಂತ ಬ್ಯಾಟ್ಸ್‌ಮನ್‌ಗಳ ದೃಷ್ಟಿ ಎಲ್ಲಿದೆ ಎಂದು ತಲೆಗೆ ಕ್ಯಾಮೆರಾ ಕಟ್ಟಿ ನೋಡಿದರು. ಚೆಂಡನ್ನು ಉದ್ದಕ್ಕೂ ಯಾರೂ ಹಿಂಬಾಲಿಸುವುದಿಲ್ಲ. ಅದು ಹೊರಬೀಳುವುದನ್ನು ಕಂಡು, ಪಿಚ್ ಆಗುವ ಜಾಗಕ್ಕೆ ಕಣ್ಣು ಮುಂಚೆಯೇ ಜಿಗಿದು ಕಾಯುತ್ತದೆ. ಪಳಗಿದ ಆಟಗಾರನ ಕಣ್ಣು ಬೇಗ ಜಿಗಿಯುತ್ತದೆ, ಹೊಸಬನದು ತಡ.

ಹಾಗಾಗಿ ನನ್ನ ವಾದ ಇಷ್ಟು: ಗುರಿ ಆರಿಸುವುದು ಕಣ್ಣಿನ ಕೆಲಸ. ಕೈ ಅದರ ಹಿಂದೆ ಹೋಗುತ್ತದೆ, ಅಷ್ಟೆ. ಒಪ್ಪದವರು ಯಾಕೆಂದು ಹೇಳಿ.

ನರಜಾಲ:
ನಾನು ನ್ಯೂರೋಸೈನ್ಸ್ ವಿದ್ಯಾರ್ಥಿನಿ. ಸರ್, ಕಣ್ಣು ಮೊದಲು ತಲುಪುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಲ್ಯಾಂಡ್ ಅವರೇ 1999ರಲ್ಲಿ ಚಹಾ ಮಾಡುವವರನ್ನು ಗಮನಿಸಿದ್ದರು. ಕೈ ಕೆಲಸ ಶುರುಮಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ದೃಷ್ಟಿ ಕೆಟಲ್ ಮೇಲೆ, ಕಪ್ಪಿನ ಮೇಲೆ ಹೋಗಿರುತ್ತದೆ. ಆದರೆ ಮೊದಲು ಮುಟ್ಟಿದವರೇ ತೀರ್ಮಾನ ಮಾಡಿದರು ಅನ್ನುವ ಹಾಗಿಲ್ಲವಲ್ಲ. ಕಣ್ಣುಗುಡ್ಡೆ ಹಗುರ, ತೋಳು ಭಾರ.

ತೀರ್ಮಾನ ಹೇಗೆ ಆಗುತ್ತದೆ ಅನ್ನುವುದನ್ನು ಮಂಗಗಳ ಮಿದುಳಿನಲ್ಲಿ ನೇರವಾಗಿ ನೋಡಿದ್ದಾರೆ. ಹಣೆಯ ಹಿಂಭಾಗದ ಮಿದುಳಿನಲ್ಲಿ ಫ್ರಂಟಲ್ ಐ ಫೀಲ್ಡ್ ಎಂಬ ಜಾಗವಿದೆ. ಶಾಲ್ ಮತ್ತು ಹೇನ್ಸ್ 1993ರಲ್ಲಿ ತೋರಿಸಿದ್ದು: ಪರದೆ ಮೇಲೆ ಹಲವು ಆಕೃತಿಗಳು ಮೂಡಿದಾಗ, ಆ ಜೀವಕೋಶಗಳು ಮೊದಲಿಗೆ ಗುರಿಗೂ ಉಳಿದವಕ್ಕೂ ಒಂದೇ ಥರ ಮಿಡಿಯುತ್ತವೆ. ಭೇದ ಬರುವುದು ಆಮೇಲೆ. ಗುರಿಯ ಮಿಡಿತ ಏರುತ್ತದೆ, ಉಳಿದದ್ದು ಅಡಗುತ್ತದೆ, ಆಗ ಕಣ್ಣು ಹೊರಡುತ್ತದೆ. ಕೈಯ ಕಥೆಯೂ ಇಂಥದ್ದೇ. ಸಿಸೆಕ್ ಮತ್ತು ಕಲಾಸ್ಕಾ 2005ರಲ್ಲಿ ಪ್ರೀಮೋಟರ್ ಕಾರ್ಟೆಕ್ಸಿನಲ್ಲಿ, ಅಂದರೆ ಚಲನೆಗೆ ತಯಾರಿ ನಡೆಸುವ ಮಿದುಳಿನ ಭಾಗದಲ್ಲಿ, ಕಂಡದ್ದು: ಎರಡು ಕಡೆ ಕೈ ಚಾಚುವ ಸಾಧ್ಯತೆ ಇದ್ದರೆ ಎರಡೂ ದಿಕ್ಕಿನ ತಯಾರಿ ಒಟ್ಟಿಗೇ ನಡೆಯುತ್ತಿರುತ್ತದೆ. ಯಾವುದು ಎಂದು ಗೊತ್ತಾದ ಮೇಲೆ ಒಂದು ಉಳಿಯುತ್ತದೆ. ಅಂದರೆ ಕೈಯ ವಿಭಾಗ ಕಣ್ಣಿನ ಅಪ್ಪಣೆಗೆ ಸುಮ್ಮನೆ ಕಾದು ಕೂತಿರುವುದಿಲ್ಲ.

ಹುಬ್ಬಳ್ಳಿ ಫಿಸಿಯೋ:
ಕೋಚ್ ಸರ, ನಿಮ್ಮ ಮಾತು ನಾ ಒಪ್ಪೂದಿಲ್ರೀ. ಸ್ಟ್ರೋಕ್ ಆದವರ ಜೋಡಿ ದಿನಾ ಕೆಲಸಾ ಮಾಡ್ತೀನಿ. ನೂರು ವರ್ಷಕ್ಕಿಂತ ಹಳೇ ಕೇಸ್ ಒಂದು ಅದ, 1909ರಾಗ ಬುಡಾಪೆಸ್ಟಿನ ಬಾಲಿಂಟ್ ಅನ್ನೋ ಡಾಕ್ಟರ್ ಬರದದ್ದು. ಆ ಪೇಶಂಟಿನ ಮಿದುಳಿನ ಎರಡೂ ಕಡೆ ಪ್ಯಾರೈಟಲ್ ಭಾಗಕ್ಕ, ಅಂದ್ರ ನೆತ್ತಿ ಹಿಂದಿನ ಭಾಗಕ್ಕ, ಪೆಟ್ಟಾಗಿತ್ತು. ಎಡಗೈಯಾಗ ಫೋರ್ಕ್, ಬಲಗೈಯಾಗ ಚಾಕು ಹಿಡಕೊಂಡು ಮಾಂಸ ಕೊಯ್ಯಾಕ ಹೋದ್ರ ಬಲಗೈ ತಟ್ಟೀ ಹೊರಗ ಹುಡುಕ್ತಿತ್ತು. ಕೈಯಾಗ ಶಕ್ತಿ ಇತ್ತು. ಅದs ಬಲಗೈಲೆ ತನ್ನ ಮೈಯಾಗಿನ ಜಾಗಾ ಮುಟ್ಟು ಅಂದ್ರ ಸರಿಯಾಗಿ ಮುಟ್ತಿದ್ದ. ಕಣ್ಣಿಲೆ ಕಂಡ ವಸ್ತು ಹಿಡಿಯೂದರಾಗ ಮಾತ್ರ ಆ ಕೈ ತಪ್ತಿತ್ತು.

ಕಣ್ಣು ಅವೇ, ವಸ್ತು ಅದೇ, ಒಂದು ಕೈ ಸರಿ, ಇನ್ನೊಂದು ತಪ್ಪು. ಕಣ್ಣು ಆರಿಸಿದ್ದನ್ನ ಕೈ ಸುಮ್ಮನ ಹಿಂಬಾಲಿಸೋದಿದ್ರ ಹಿಂಗ ಆಗಬಾರದಿತ್ತು. ನನ್ನ ಪ್ರಕಾರ ಕಣ್ಣಿನ ದಾರಿ ಬ್ಯಾರೆ, ಕೈ ದಾರಿ ಬ್ಯಾರೆ.

ಕ್ರೀಸ್‌ನಂಚು:
ಮೇಡಂ, ಆ ಮನುಷ್ಯನ ಕೈ ಹೊರಟಿದ್ದು ಮಾಂಸದ ಕಡೆಗೇ ತಾನೆ? ಜಾಗ ತಪ್ಪಿತು. ಆಯ್ಕೆ ತಪ್ಪಿತೇ?

ನರಜಾಲ:
ಸರ್ ಕೇಳಿದ ಪ್ರಶ್ನೆಯೇ ಇಲ್ಲಿ ಮುಖ್ಯ. ಬಾಲಿಂಟ್ ಕೇಸಿನಲ್ಲಿ ಕೆಟ್ಟದ್ದು ಕೈಯನ್ನು ಗುರಿಗೆ ಮುಟ್ಟಿಸುವ ಕೆಲಸ. ಯಾವುದು ಗುರಿ ಎಂದು ಆರಿಸುವುದು ಬೇರೆ ಕೆಲಸ. ಇವೆರಡನ್ನು ಬೇರ್ಪಡಿಸಿ ನೋಡಬೇಕಾದರೆ ಮಧ್ಯಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಕಡೆ ಬರಬೇಕು. ಬಹಳ ಕಾಲ ಇದನ್ನು ಬರೀ ಕಣ್ಣಿನ ಜಿಗಿತದ ಕೇಂದ್ರ ಎಂದೇ ಪಾಠ ಮಾಡುತ್ತಿದ್ದರು. ನೋಟದ ಬಯಲೆಲ್ಲ ಅದರಲ್ಲಿ ನಕ್ಷೆಯಾಗಿ ಹರಡಿದೆ.

2004ರಲ್ಲಿ ಮೆಕ್‌ಪೀಕ್ ಮತ್ತು ಕೆಲ್ಲರ್ ಆ ನಕ್ಷೆಯ ಒಂದು ಚಿಕ್ಕ ಭಾಗವನ್ನು ಔಷಧಿಯಿಂದ ತಾತ್ಕಾಲಿಕವಾಗಿ ಮಂಕುಮಾಡಿದರು. ಗುರಿ ಆ ಭಾಗದಲ್ಲಿದ್ದಾಗ ಮಂಗದ ಕಣ್ಣು ಬೇರೆ ಆಕೃತಿಗಳ ಕಡೆ ತಪ್ಪಿ ಜಿಗಿಯತೊಡಗಿತು. ಇದು ನಿರೀಕ್ಷಿತವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು 2011ರಲ್ಲಿ ಸಾಂಗ್, ರಫಾಲ್, ಮೆಕ್‌ಪೀಕ್ ಮಾಡಿದ ಪ್ರಯೋಗ. ಅದೇ ಜಾಗ ಮಂಕುಮಾಡಿ ಈ ಸಲ ಕೈ ಚಾಚಲು ಬಿಟ್ಟರು. ಹಲವು ಆಕೃತಿಗಳ ನಡುವೆ ಗುರಿ ಇದ್ದಾಗ ಕೈ ಬೇರೆಯದನ್ನು ಮುಟ್ಟಿತು. ಗುರಿ ಒಂದೇ ಇದ್ದಾಗ ಕೈ ಸರಿಯಾಗಿಯೇ ಹೋಯಿತು. ಕಾಣುವುದೂ ಕೆಟ್ಟಿಲ್ಲ, ಕೈ ಚಲನೆಯೂ ಕೆಟ್ಟಿಲ್ಲ, ಆರಿಸುವುದು ಮಾತ್ರ ಕೆಟ್ಟಿದೆ. ಕಣ್ಣಿನದೆಂದು ನಂಬಿದ್ದ ಜಾಗ ಕೈಯ ಆಯ್ಕೆಗೂ ಬೇಕು. ಹಾಗಾಗಿ ಆಯ್ಕೆ ಕಣ್ಣಿನ ಸ್ವತ್ತೂ ಅಲ್ಲ, ಕೈಯ ಸ್ವತ್ತೂ ಅಲ್ಲ. ಇಬ್ಬರಿಗೂ ಸೇರಿದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹುಬ್ಬಳ್ಳಿ ಫಿಸಿಯೋ:
"ಇಬ್ಬರಿಗೂ ಸೇರಿದ್ದು" ಅನ್ನೂದು ಭಾಳ ಅವಸರದ ಮಾತಾತು ನೋಡವಾ. ಪ್ಯಾರೈಟಲ್ ಭಾಗದಾಗ ಆಂಡರ್ಸನ್ ತಂಡದವರು 1997ರಾಗ ತೋರಿಸಿದ್ದು ಏನು? ಕಣ್ಣು ಹೊರಳಸಾಕ ತಯಾರಾಗೋ ಜಾಗಾ ಒಂದು, ಕೈ ಚಾಚಾಕ ತಯಾರಾಗೋ ಜಾಗಾ ಇನ್ನೊಂದು. ಒಂದs ಗುರಿ ತೋರಿಸಿದ್ರೂ ಎರಡೂ ಬ್ಯಾರೆ ಬ್ಯಾರೆ ಮಿಡೀತಾವ. ಅದನ್ಯಾಕ ಬಿಟ್ಟಿ?

ಲೆಕ್ಕದ ಮೇಷ್ಟ್ರು:
ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಮಿದುಳಿನ ವಿಷಯ ನನ್ನದಲ್ಲ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿಯವರ ತಂಡ 2015ರಲ್ಲಿ ಮಾಡಿದ ಕೆಲಸ ಈ ಜಗಳಕ್ಕೆ ನೇರ ಸಂಬಂಧಪಟ್ಟದ್ದು. ಅವರು ಕಟ್ಟಿದ ತರ್ಕ ನನಗೆ ತುಂಬ ಹಿಡಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಗುರಿ ಕಂಡ ಮೇಲೆ ಕಣ್ಣು ಹೊರಡಲು ಒಂದಿಷ್ಟು ಹೊತ್ತು, ಕೈ ಹೊರಡಲು ಅದಕ್ಕಿಂತ ಹೆಚ್ಚು ಹೊತ್ತು. ಸಂಕೇತ ಕೂಡುತ್ತಾ ಹೋಗಿ ಒಂದು ಮಟ್ಟ ಮುಟ್ಟಿದಾಗ ಚಲನೆ ಶುರು ಎಂಬುದು ಈ ಕ್ಷೇತ್ರದ ಸಾಮಾನ್ಯ ಮಾದರಿ. ಆ ಮಾದರಿಯಲ್ಲಿ ಸರಾಸರಿ ಹೊತ್ತು ಹೆಚ್ಚಿದಂತೆ ಏರುಪೇರೂ ಹೆಚ್ಚಬೇಕು. ಕಣ್ಣು, ಕೈ ಪ್ರತ್ಯೇಕವಾಗಿ ತೀರ್ಮಾನಿಸುತ್ತಿದ್ದರೆ ಕೈಯ ಏರುಪೇರು ಕಣ್ಣಿನದಕ್ಕಿಂತ ದೊಡ್ಡದಿರಬೇಕಿತ್ತು. ಎರಡನ್ನೂ ಒಟ್ಟಿಗೆ ಗುರಿಗೆ ಕಳಿಸಿದಾಗ ಸರಾಸರಿ ಬೇರೆಯಿದ್ದರೂ ಏರುಪೇರು ಹೆಚ್ಚುಕಡಿಮೆ ಒಂದೇ ಬಂತು. ಅಂದರೆ ತೀರ್ಮಾನ ಒಂದೇ, ಕೈಗೆ ತಲುಪುವಷ್ಟರಲ್ಲಿ ಒಂದು ನಿಗದಿತ ತಡ ಸೇರಿಕೊಂಡಿದೆ. ಒಂದೇ ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸು ಮೊದಲ ಊರಿಗೆ ಹತ್ತು ನಿಮಿಷ ತಡವಾಗಿ ಬಂದರೆ ಮುಂದಿನ ಊರಿಗೂ ಹತ್ತೇ ನಿಮಿಷ ತಡ, ಹಾಗೆ. ಅದೇ ತಂಡ 2017ರಲ್ಲಿ, ಕೆಲಸದ ಸ್ವರೂಪ ಬದಲಾದರೆ ಕಣ್ಣು ಕೈಗಳು ಬೇರೆ ಬೇರೆಯಾಗಿಯೂ ತೀರ್ಮಾನಿಸಬಲ್ಲವು ಎಂದೂ ತೋರಿಸಿದೆ.

ಕ್ರೀಸ್‌ನಂಚು:
ಹಾಗಾದರೆ ಒಟ್ಟಿಗೆ ಹೋಗಬೇಕೋ ಬೇರೆಯಾಗಿಯೋ ಅನ್ನುವುದು ಕೆಲಸವನ್ನು ನೋಡಿಕೊಂಡು. ನನ್ನ ಹುಡುಗರ ವಿಷಯದಲ್ಲಿ ಇದು ಸರಿ ಕಾಣುತ್ತದೆ. ಫೀಲ್ಡಿಂಗ್‌ನಲ್ಲಿ ಚೆಂಡು ಕೈಗೆ ಬರುವ ಮುಂಚೆಯೇ ಸ್ಟಂಪ್ ಕಡೆ ಕಣ್ಣು ಹಾಯಿಸುವವರಿದ್ದಾರೆ, ಚೆಂಡು ಕೈಬಿಡುತ್ತಾರೆ.

ನರಜಾಲ:
ಅದಕ್ಕೆ ಹತ್ತಿರದ ಪ್ರಯೋಗವೇ ಇದೆ ಸರ್. ನೆಗ್ಗರ್ಸ್ ಮತ್ತು ಬೆಕರಿಂಗ್ 2000ದಲ್ಲಿ ಮಾಡಿದ್ದು. ಕೈ ಮೊದಲ ಗುರಿಯತ್ತ ಹೋಗುತ್ತಿರುವಾಗಲೇ ಕಣ್ಣನ್ನು ಎರಡನೆಯದಕ್ಕೆ ಹೊರಳಿಸಿ ಎಂದು ಹೇಳಿದ್ದರು. ಕೈ ಮುಟ್ಟುವ ತನಕ ಜನರಿಗೆ ಕಣ್ಣು ಕೀಳಲಾಗಲಿಲ್ಲ. ಇಲ್ಲಿ ಕೈಯೇ ಕಣ್ಣನ್ನು ಹಿಡಿದಿಟ್ಟಿದೆ, ನಿಮ್ಮ ಮೂಲ ವಾದಕ್ಕೆ ತದ್ವಿರುದ್ಧ.

ಮೇಡಂ, ನೀವು ಹೇಳಿದ 1997ರ ಅಧ್ಯಯನವನ್ನು ನಾನು ತಳ್ಳಿಹಾಕುತ್ತಿಲ್ಲ. ಅದರಲ್ಲಿ ಮೊದಲ ಹೆಸರು ಸ್ನೈಡರ್ ಅವರದು. ಅವರೇ 2013ರಲ್ಲಿ ಯಿಟ್ರಿ, ಲಿಯು ಜೊತೆ ಸೇರಿ ಪ್ಯಾರೈಟಲ್‌ನ ಆ ಕಣ್ಣಿನ ಜಾಗವನ್ನು ಮಂಕುಮಾಡಿ ನೋಡಿದರು. ಕೈ ಒಂದೇ ಹೋದಾಗ ತಡವಾಗಲಿಲ್ಲ. ಕಣ್ಣಿನ ಜೊತೆ ಹೋದಾಗ ಕೈಯೂ ತಡವಾಯಿತು. ಪ್ರತ್ಯೇಕ ಜಾಗಗಳಿವೆ, ಆದರೆ ಜೊತೆಗೂಡಿದಾಗ ಒಂದು ಇನ್ನೊಂದನ್ನು ಎಳೆದುಕೊಂಡೇ ಹೋಗುತ್ತದೆ.

ಹುಬ್ಬಳ್ಳಿ ಫಿಸಿಯೋ:
ಇದು ಮಂಗದ ಮಾತು, ನಮ್ಮ ಪೇಶಂಟ್‌ಗಳ ಗಾಯ ಇಷ್ಟು ಅಚ್ಚುಕಟ್ಟಾಗಿ ಒಂದs ಜಾಗಾದಾಗ ಇರೂದಿಲ್ಲ. ದಾರಿ ಬ್ಯಾರೆ ಬ್ಯಾರೆ ಅನ್ನೂದನ್ನ ನಾ ಬಿಡೂದಿಲ್ಲ. ಆದ್ರ 2011ರ ಪ್ರಯೋಗದಾಗ ಗುರಿ ಒಂದs ಇದ್ದಾಗ ಕೈ ಸರಿ ಹೋತು ಅಂದ್ಯಲ್ಲಾ, ಅದು ನಮ್ಮ ಕೆಲಸಕ್ಕ ಭಾಳ ಮುಖ್ಯ. ನಾವು ಟೇಬಲ್ ಮ್ಯಾಲ ಒಂದs ಕಪ್ಪಿಟ್ಟು "ಹಿಡೀರಿ" ಅಂತೀವಿ. ಹಿಡದ್ರ ಕೈ ಸುಧಾರಿಸ್ತು ಅಂತ ಬರದು ಮನೀಗೆ ಕಳಸ್ತೀವಿ. ಮನ್ಯಾಗ ಕಪ್ಪಿನ ಬಾಜೂಕ ತಂಬಿಗಿ, ಚಮಚ, ಗುಳಗಿ ಡಬ್ಬಿ ಎಲ್ಲಾ ಇರ್ತಾವ. ಹಲವು ವಸ್ತು ಇಟ್ಟು, ಹೆಸರು ಹೇಳಿ ತಗೋ ಅನ್ನೋ ಪರೀಕ್ಷೆನೂ ಕೂಡಸಬೇಕು.

ನರಜಾಲ:
ಕೂಡಿಸುವಾಗ ಕೈ ಯಾವುದನ್ನು ಮುಟ್ಟಿತು ಅನ್ನುವುದರ ಜೊತೆಗೆ, ಅದಕ್ಕೆ ಮೊದಲು ಕಣ್ಣು ಯಾವುದರ ಮೇಲೆ ಹೋಗಿತ್ತು ಅನ್ನುವುದನ್ನೂ ಬರೆದಿಡಿ ಮೇಡಂ. ಕಣ್ಣು ಸರಿಯಾದ ಕಪ್ಪಿಗೆ ಹೋಗಿ ಕೈ ಮಾತ್ರ ಡಬ್ಬಿಗೆ ಹೋದರೆ ನಿಮ್ಮ ವಾದಕ್ಕೆ ಬಲ, ಎರಡೂ ಡಬ್ಬಿಗೇ ಹೋದರೆ ನನ್ನದಕ್ಕೆ.