ಹಳೇ ಪ್ಲೇಯರ್ ಈಗ ಎಲ್ಲೂ ಸಿಗುವುದಿಲ್ಲ, ಹೊಸತಕ್ಕೆ ನಿಲ್ಲಿಸಿದ ಜಾಗ ನೆನಪಿರುವುದಿಲ್ಲ. ಪರಿಹಾರ ಬೇಕು

ನೀರ್ಚಾಲು_ತೋಟ
ಅಪ್ಪನ ಎಂಪಿ3 ಪ್ಲೇಯರ್ ತೋಡಿನ ನೀರಿಗೆ ಬಿತ್ತು. ಒಣಗಿಸಿ ನೋಡಿದೆ, ಅಕ್ಕಿಯೊಳಗೆ ಹುಗಿದಿಟ್ಟೆ, ಜೀವ ಬರಲಿಲ್ಲ. ಅದೇ ಮಾಡೆಲ್ ಬೇಕೆಂದರೆ ಕಂಪೆನಿ ಮಾಡುವುದನ್ನೇ ನಿಲ್ಲಿಸಿದೆ. ಆನ್‌ಲೈನಿನಲ್ಲಿ ಬೇರೊಂದು ತರಿಸಿದೆ. ಆಫ್ ಮಾಡಿ ಆನ್ ಮಾಡಿದರೆ ಪುನಃ ಸುರುವಿನಿಂದ! ಅಪ್ಪ ಸಿಟ್ಟಿನಲ್ಲಿ ಅದನ್ನು ಮೇಜಿನ ಮೇಲೆ ಇಟ್ಟವರು ಮತ್ತೆ ಮುಟ್ಟಿಲ್ಲ. ಒಳ್ಳೆಯದು ಯಾವುದಿದೆ ಹೇಳಿ. ಫೋನ್ ಬೇಡ.

ಕುಂಬಳೆ_ಸೌಂಡ್ಸ್
ಹಳತು ಯಾವುದು, ಹೊಸತು ಯಾವುದು? ಕಾರ್ಡ್ ಎಷ್ಟು ಜಿಬಿ? 32ಕ್ಕಿಂತ ಜಾಸ್ತಿ ಇದ್ದರೆ ಕಾರಣ ಅಲ್ಲೇ ಇದೆ. ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ (ಫೈಲ್ ಬರೆದಿಡುವ ಕ್ರಮ) ಬರುತ್ತವೆ, ಸಣ್ಣ ಪ್ಲೇಯರುಗಳಿಗೆ ಫ್ಯಾಟ್32 ಎಂಬ ಹಳೇ ಕ್ರಮ ಬೇಕು.

ನೀರ್ಚಾಲು_ತೋಟ
ಕಾರ್ಡ್ 64 ಜಿಬಿ. ಆದರೆ ಎಲ್ಲ ಫೈಲೂ ಪ್ಲೇ ಆಗುತ್ತದಲ್ಲ ಅಣ್ಣ? ನಿಲ್ಲಿಸಿದಲ್ಲಿಂದ ಶುರುವಾಗುವುದಿಲ್ಲ, ಅಷ್ಟೇ ತೊಂದರೆ.

ಕುಂಬಳೆ_ಸೌಂಡ್ಸ್
ಓದುವುದು ಬೇರೆ, ಬರೆಯುವುದು ಬೇರೆ. ನಿಲ್ಲಿಸಿದ ಜಾಗವನ್ನು ಕಾರ್ಡಿನಲ್ಲಿ ಬರೆದಿಡಲು ಆಗದಿದ್ದರೆ ಹೀಗೇ ಆಗುವುದು. ಗೈಫಾರ್ಮ್ಯಾಟ್ ಅಂತ ಪ್ರೋಗ್ರಾಂ ಹಾಕಿ ಫ್ಯಾಟ್32 ಮಾಡಿ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ದಾಟಿದರೆ ಆ ಆಯ್ಕೆಯೇ ಕಾಣುವುದಿಲ್ಲ. ಕಾರ್ಡ್ ನಕಲಿ ಇದ್ದರೂ ಇರಬಹುದು, ಅದನ್ನು ಪರೀಕ್ಷಿಸುವ ಪ್ರೋಗ್ರಾಂ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ ನೋಡಿ.

ಉಪ್ಪಳ_ಹೈಫೈ
ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ಸೋನಿ ವಾಕ್‌ಮನ್ ಎ306 ತಗೊಳ್ಳಿ. ಆಂಡ್ರಾಯ್ಡ್ ಇದೆ, ಬೇಕಾದ ಆ್ಯಪ್ ಹಾಕಬಹುದು. ಧ್ವನಿಯಂತೂ ಕೇಳುವುದೇ ಬೇಡ.

ನೀರ್ಚಾಲು_ತೋಟ
ಟಚ್ ಸ್ಕ್ರೀನ್ ಆಗುವುದಿಲ್ಲ. ಅಡಿಕೆ ಸುಲಿಯುವಾಗ ಕೈಯೆಲ್ಲ ಕರೆ, ಕಣ್ಣೂ ಮಂಜು. ಬೆರಳಿಗೆ ಸಿಗುವ ಬಟನ್ ಬೇಕು, ಅಂಗಿಗೆ ಸಿಕ್ಕಿಸುವ ಕ್ಲಿಪ್ ಬೇಕು. ಕೇಳುವುದು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ). ಹೆಚ್ಚಿನವು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರದ ಮಾತುಗಾರಿಕೆ) ಇರುವವು, ಒಂದೊಂದು ಫೈಲ್ ಐದಾರು ಗಂಟೆ. ಅರ್ಧ ಕೇಳಿ ಊಟಕ್ಕೆ ಬರುತ್ತಾರೆ, ಉಳಿದದ್ದು ಮಧ್ಯಾಹ್ನದ ಮೇಲೆ. ಕಾರ್ಡ್ ಫ್ಯಾಟ್32 ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ.

ಕುಂಬಳೆ_ಸೌಂಡ್ಸ್
ಹಾಗಾದರೆ ಕಾರ್ಡೇ ನಕಲಿ.

ಮುಳ್ಳೇರಿಯ_ಮಾಷ್ಟ್ರು
ಕಾರ್ಡಿನ ವಿಷಯ ಸ್ವಲ್ಪ ಬಿಡುವ. ಕ್ಲಿಪ್ ಇದ್ದ ಹಳತು ಸಾನ್ಸಾ ಕ್ಲಿಪ್ ಪ್ಲಸ್ ಅಲ್ವಾ? 2009ರಲ್ಲಿ ಬಂದದ್ದು. ಅದರಲ್ಲಿ ಆಡಿಯೋಬುಕ್ಸ್ ಅಂತ ಒಂದು ಫೋಲ್ಡರ್ ಇತ್ತು. ಅದರೊಳಗೆ ಹಾಕಿದ ಪ್ರತಿ ಫೈಲಿಗೂ ನಿಲ್ಲಿಸಿದ ಜಾಗ ನೆನಪಿರುತ್ತಿತ್ತು. ಮ್ಯೂಸಿಕ್ ಫೋಲ್ಡರಿಗೆ ಆ ಸೌಲಭ್ಯ ಇರಲಿಲ್ಲ. ಹೊಸತರಲ್ಲೂ ಆಡಿಯೋಬುಕ್ ಅಥವಾ ಪಾಡ್‌ಕಾಸ್ಟ್ ಅಂತ ಫೋಲ್ಡರ್ ಇದೆಯಾ ನೋಡಿ.

ಇನ್ನೊಂದು ಪ್ರಶ್ನೆ. ಹೊಸತನ್ನು ಆಫ್ ಮಾಡುವುದು ಹೇಗೆ? ಬದಿಯಲ್ಲಿ ಜಾರಿಸುವ ಸ್ವಿಚ್ ಉಂಟಾ?

ನೀರ್ಚಾಲು_ತೋಟ
ಹೌದು, ಕ್ಲಿಪ್ ಪ್ಲಸ್ಸೇ. ಹೊಸತರಲ್ಲಿ ಅಂಥ ಫೋಲ್ಡರ್ ಇಲ್ಲ. ಬದಿಯಲ್ಲಿ ಸ್ವಿಚ್ ಇದೆ, ಅಪ್ಪ ಅದನ್ನೇ ಎಳೆಯುವುದು.

ಮುಳ್ಳೇರಿಯ_ಮಾಷ್ಟ್ರು
ಆ ಸ್ವಿಚ್ಚನ್ನೇ ನೋಡಬೇಕು. ಅಗ್ಗದ ಪ್ಲೇಯರುಗಳಲ್ಲಿ ಅದು ಬ್ಯಾಟರಿಯ ಸಂಪರ್ಕವನ್ನೇ ಕಡಿಯುತ್ತದೆ. ಜಾಗ ಬರೆದಿಡಲು ಪ್ಲೇಯರಿಗೆ ಪುರುಸೊತ್ತೇ ಸಿಗುವುದಿಲ್ಲ. ಮೊದಲು ಪಾಸ್ ಒತ್ತಲಿ. ಮತ್ತೆ ಪ್ಲೇ ಬಟನ್ ಒತ್ತಿ ಹಿಡಿದು ಸ್ಕ್ರೀನ್ ಪೂರ್ತಿ ಕಪ್ಪಾಗುವವರೆಗೆ ಕಾಯಲಿ. ಬದಿಯ ಸ್ವಿಚ್ಚಿಗೆ ಕೈ ಹಾಕುವುದೇ ಬೇಡ.

ಇದು ಸರಿಹೋದರೂ ಕೊನೆಗೆ ಕೇಳಿದ ಒಂದೇ ಫೈಲಿನ ಜಾಗ ಉಳಿಯುವುದು. ಹಾಗಾಗಿ ಆರು ಗಂಟೆಯ ಫೈಲನ್ನು ಹದಿನೈದು ನಿಮಿಷದ ತುಂಡು ಮಾಡಿ. ಎಂಪಿ3 ಡೈರೆಕ್ಟ್ ಕಟ್ ಅಂತ ಉಚಿತ ಪ್ರೋಗ್ರಾಂ ಇದೆ. ಪುನಃ ಎನ್‌ಕೋಡ್ ಮಾಡದೆ ಕತ್ತರಿಸುವುದರಿಂದ ಧ್ವನಿ ಸ್ವಲ್ಪವೂ ಕೆಡುವುದಿಲ್ಲ. ಪ್ಲೇಯರ್ ಏನೇ ಮರೆತರೂ ಅಪ್ಪನಿಗೆ ಹೆಚ್ಚೆಂದರೆ ಒಂದು ತುಂಡು ಪುನಃ ಕೇಳಬೇಕಾದೀತು. ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಮೂಲ ಫೈಲಿನಿಂದಲೇ 64 ಕೆಬಿಪಿಎಸ್ ಮೊನೊ (ಒಂದೇ ಚಾನೆಲಿನ ಸಣ್ಣ ಫೈಲ್) ಮಾಡಿ ಕತ್ತರಿಸಿ. ಗಂಟೆಗೆ 29 ಎಂಬಿ ಮುಟ್ಟುವುದಿಲ್ಲ.

ಉಪ್ಪಳ_ಹೈಫೈ
64 ಮೊನೊ? ಮಾಷ್ಟ್ರೇ, ಅರ್ಥಕ್ಕೆ ಸರಿ, ಹಾಡುವ ಪದ್ಯಕ್ಕೆ ಏನು ಮಾಡುವುದು? ಚಕ್ರತಾಳ, ಚೆಂಡೆಯ ಪೆಟ್ಟು ಎಲ್ಲ ಮಸುಕಾಗುತ್ತದೆ. ನಾನು ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಫ್ಲ್ಯಾಕ್ (ಧ್ವನಿ ಕೆಡದಂತೆ ಉಳಿಸುವ ಫಾರ್ಮ್ಯಾಟ್) ಮಾಡಿ ಇಟ್ಟಿದ್ದೇನೆ.

ಮುಳ್ಳೇರಿಯ_ಮಾಷ್ಟ್ರು
ಸಂಗ್ರಹಕ್ಕೆ ಫ್ಲ್ಯಾಕೇ ಆಗಬೇಕು, ಒಪ್ಪಿದೆ. ತೋಟದಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಕೇಳುವವರಿಗೆ ಮಾತು ಸ್ಪಷ್ಟ ಇದ್ದರೆ ಸಾಕು.

ಉಪ್ಪಳ_ಹೈಫೈ
ತೋಟದಲ್ಲಿ ಕೇಳುವವರಿಗೂ ಕಿವಿ ಇದೆಯಲ್ಲ. 128 ಕೆಬಿಪಿಎಸ್ ಆದರೂ ಇರಲಿ, 64 ಜಿಬಿ ಕಾರ್ಡಿನಲ್ಲಿ ಸಾವಿರ ಗಂಟೆ ಹಿಡಿಯುತ್ತದೆ.

ನನ್ನಲ್ಲಿರುವುದು 2005ರ ಐಪಾಡ್ ವಿಡಿಯೋ. ಒಳಗಿನ 1.8 ಇಂಚಿನ ಹಾರ್ಡ್ ಡಿಸ್ಕ್ ತೆಗೆದು ಐಫ್ಲ್ಯಾಶ್ ಬೋರ್ಡ್ ಕೂರಿಸಿ ಎಸ್‌ಡಿ ಕಾರ್ಡ್ ಹಾಕಿದ್ದೇನೆ, ಕಂಪೆನಿಯ ಸಾಫ್ಟ್‌ವೇರಿನ ಬದಲಿಗೆ ರಾಕ್‌ಬಾಕ್ಸ್ ಹಾಕಿದ್ದೇನೆ. ಅದರಲ್ಲಿ ಬುಕ್‌ಮಾರ್ಕಿಂಗ್ ಆನ್ ಮಾಡಿದರೆ ನಿಲ್ಲಿಸಿದ ಜಾಗ ತಾನಾಗಿಯೇ ಉಳಿಯುತ್ತದೆ. ಆಪಲ್ 2022ರಲ್ಲಿ ಕೊನೆಯ ಐಪಾಡನ್ನೂ ನಿಲ್ಲಿಸಿತು, ನನ್ನದು ಇವತ್ತಿಗೂ ಓಡುತ್ತಿದೆ. ಸಂಜೆ ಫೋಟೋ ಹಾಕುತ್ತೇನೆ.

ಕುಂಬಳೆ_ಸೌಂಡ್ಸ್
ರಾಕ್‌ಬಾಕ್ಸ್ ಕ್ಲಿಪ್ ಪ್ಲಸ್ಸಿಗೂ ಇದೆ. ಸೆಕೆಂಡ್ ಹ್ಯಾಂಡ್ ಒಂದು ಹುಡುಕಿ.

ಮುಳ್ಳೇರಿಯ_ಮಾಷ್ಟ್ರು
ಹುಡುಕಬಹುದು. ಆದರೆ ಬ್ಯಾಟರಿಗೂ ಅಷ್ಟೇ ವಯಸ್ಸಾಗಿರುತ್ತದೆ, ಅದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಬದಲಿಸಿ ಕೊಡುವವರು ಗೊತ್ತಿದ್ದರೆ ಮಾತ್ರ ತಗೊಳ್ಳಿ.

ನೀರ್ಚಾಲು_ತೋಟ
ಪಾಸ್ ಒತ್ತಿ, ಪ್ಲೇ ಒತ್ತಿ ಹಿಡಿದು ಆಫ್ ಮಾಡಿದರೆ ಜಾಗ ಉಳಿಯುತ್ತದೆ! ಬದಿಯ ಸ್ವಿಚ್ಚಿನ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿದೆ. ಒಂದು ಪ್ರಸಂಗ ತುಂಡು ಮಾಡಿ ಹಾಕಿದ್ದೂ ಆಯಿತು. ಈಗ ಬೇರೆ ರಗಳೆ. ಹೆಸರಿಗೆ 01, 02 ಅಂತ ಕೊಟ್ಟಿದ್ದೇನೆ, ಆದರೂ 07 ಆದ ಮೇಲೆ 03 ಬರುತ್ತದೆ. ವಾದದ ಮಧ್ಯೆ ಪೀಠಿಕೆ ಬಂದರೆ ಅಪ್ಪ ಬಿಡುವವರಲ್ಲ.

ಮುಳ್ಳೇರಿಯ_ಮಾಷ್ಟ್ರು
ಇಂಥ ಪ್ಲೇಯರುಗಳು ಹೆಸರು ನೋಡುವುದಿಲ್ಲ, ಕಾರ್ಡಿಗೆ ಯಾವ ಫೈಲ್ ಮೊದಲು ಬಿತ್ತೋ ಆ ಕ್ರಮದಲ್ಲಿ ಹೋಗುತ್ತವೆ. ಡ್ರೈವ್‌ಸಾರ್ಟ್ ಅಂತ ಫೈಲುಗಳನ್ನು ಹೆಸರಿನ ಕ್ರಮಕ್ಕೆ ತರುವ ಸಣ್ಣ ಪ್ರೋಗ್ರಾಂ ಸಿಗುತ್ತದೆ, ಲಿನಕ್ಸ್ ಆದರೆ ಫ್ಯಾಟ್‌ಸಾರ್ಟ್. ಅದೂ ಬೇಡವಾದರೆ ಫೋಲ್ಡರ್ ಖಾಲಿ ಮಾಡಿ, 01ರಿಂದ ಒಂದೊಂದೇ ಕಾಪಿ ಮಾಡಿ.

ಕುಂಬಳೆ_ಸೌಂಡ್ಸ್
ಎಚ್2ಟೆಸ್ಟ್‌ಡಬ್ಲ್ಯು ಓಡಿಸಿದಿರಾ?

ಉಪ್ಪಳ_ಹೈಫೈ
ನೀರ್ಚಾಲಿನವರೇ, ಆ ಶೇಣಿಯವರ ರೆಕಾರ್ಡಿಂಗ್ ಎಲ್ಲಿಯದು? ಅರ್ಥ ಹೇಳುವ ಸಾಮಗರೂ ಇರುವ ತಾಳಮದ್ದಳೆ ಕೂಟ ಯಾವುದಾದರೂ ಉಂಟಾ? ಕ್ಯಾಸೆಟ್ ಇದ್ದರೆ ಹೇಳಿ, ನಾನೇ ಬಂದು ಒಯ್ದು ಫ್ಲ್ಯಾಕ್ ಮಾಡಿ ಕ್ಯಾಸೆಟ್ಟೂ ವಾಪಸ್ ತಂದು ಕೊಡುತ್ತೇನೆ.