ಲೋವರ್ ಮೆರಿಯನ್ ಎಂಬುದು ಊರೋ, ಬಡಾವಣೆಯೋ? ಬಲ್ಲವರು ತಿಳಿಸಬೇಕಾಗಿ ವಿನಂತಿ

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ಮಾನ್ಯರೇ, ನನ್ನ ಮಗಳು ಮತ್ತು ಅಳಿಯ ಬರುವ ಜೂನ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೊರಟಿದ್ದಾರೆ. ಅಳಿಯನ ಕಚೇರಿ ನಗರದ ನಡುವೆಯೇ ಇದ್ದರೂ, ಪಕ್ಕದ ಲೋವರ್ ಮೆರಿಯನ್ ಟೌನ್‌ಶಿಪ್‌ನಲ್ಲಿ ಮನೆ ಮಾಡುವುದು ಒಳ್ಳೆಯದೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರಂತೆ. ಆದರೆ ಬಾಡಿಗೆ ಮನೆಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಆರ್ಡ್‌ಮೋರ್, ಬ್ರಿನ್ ಮಾರ್, ವಿನ್‌ವುಡ್ ಎಂದೆಲ್ಲ ಇದೆ. ಟೌನ್‌ಶಿಪ್ ಎಂದರೆ ನಾನು ಕಂಡಿರುವುದು ಬೆಂಗಳೂರಿನಲ್ಲಿ ಸುತ್ತ ಕಾಂಪೌಂಡ್ ಕಟ್ಟಿ, ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿದ ಬಡಾವಣೆಗಳನ್ನು ಮಾತ್ರ. ಇದೂ ಅಂಥದ್ದೇ? ಮೊಮ್ಮಗಳನ್ನು ಆರನೇ ತರಗತಿಗೆ ಸೇರಿಸಬೇಕಾಗಿದೆ.

ಉತ್ತರ 1 (ಮಡಿಕೇರಿಯಿಂದ)

ಅಂಥದ್ದಲ್ಲ ಸರ್. ಅಲ್ಲಿ ಟೌನ್‌ಶಿಪ್ ಎಂದರೆ ಒಂದು ಸ್ಥಳೀಯ ಸರ್ಕಾರ. ನಮ್ಮ ಪಂಚಾಯಿತಿ, ಪುರಸಭೆಗಳ ಸಾಲಿಗೆ ಸೇರುವಂಥದ್ದು. ಪೆನ್ಸಿಲ್ವೇನಿಯಾದ ಮಾಂಟ್ಗೊಮರಿ ಕೌಂಟಿಗೆ ಸೇರಿದ ಲೋವರ್ ಮೆರಿಯನ್ ಸುಮಾರು 62 ಚದರ ಕಿಲೋಮೀಟರ್ ಹರಡಿದೆ. 2020ರ ಜನಗಣತಿಯಂತೆ ಅಲ್ಲಿ 63,633 ಜನರಿದ್ದಾರೆ, ವಾರ್ಡಿಗೊಬ್ಬರಂತೆ ಆಯ್ಕೆಯಾದ 14 ಕಮಿಷನರ್‌ಗಳು ಆಡಳಿತ ನಡೆಸುತ್ತಾರೆ. ನೀವು ಹೇಳಿದ ಹೆಸರುಗಳೆಲ್ಲ ಅದರೊಳಗಿನ ಊರುಗಳು. ನಮ್ಮಲ್ಲಿ ತೋಟದ ನಡುವೆ ಒಂದೊಂದೇ ಮನೆಯಿದ್ದು, ಯಾವ ಊರು ಎಲ್ಲಿ ಮುಗಿಯಿತೆಂದು ಹೊರಗಿನವರಿಗೆ ತಿಳಿಯುವುದಿಲ್ಲವಲ್ಲ, ಅಲ್ಲಿಯೂ ಹಾಗೆಯೇ.

ಈ ಗೊಂದಲಕ್ಕೆ ನಾನೇ ಬೆಲೆ ತೆತ್ತಿದ್ದೇನೆ. ಬ್ರಿನ್ ಮಾರ್ ಎಂಬ ವಿಳಾಸ ನೋಡಿ ಕರಾರಿಗೆ ಸಹಿ ಹಾಕಿದೆ. ಮಗನನ್ನು ಶಾಲೆಗೆ ಸೇರಿಸಲು ಹೋದಾಗ ಅಲ್ಲಿನ ಮಹಿಳೆ ನಕ್ಷೆ ಬಿಡಿಸಿ, ನಮ್ಮ ಬೀದಿಯ ಮೇಲೆ ಪೆನ್ಸಿಲ್ ಇಟ್ಟು, ಗಡಿರೇಖೆ ಅದರ ಈಚೆಗೆ ಹಾದುಹೋಗಿರುವುದನ್ನು ತೋರಿಸಿದರು. ಬ್ರಿನ್ ಮಾರ್ ಎಂಬ ಅಂಚೆ ವಿಳಾಸ ಲೋವರ್ ಮೆರಿಯನ್ ಅಲ್ಲದೆ ರಾಡ್ನರ್, ಹ್ಯಾವರ್‌ಫರ್ಡ್ ಟೌನ್‌ಶಿಪ್‌ಗಳಿಗೂ ಹಬ್ಬಿದೆ. ನಮ್ಮ ಮನೆ ರಾಡ್ನರ್‌ಗೆ ಸೇರಿತ್ತು. ಆ ಶಾಲೆಯೂ ಚೆನ್ನಾಗಿಯೇ ಇತ್ತೆನ್ನಿ, ಆದರೆ ನಾವು ಅಷ್ಟು ಬಾಡಿಗೆ ಕೊಡಲು ಒಪ್ಪಿದ್ದು ಇನ್ನೊಂದು ಶಾಲೆಗಾಗಿ. ಆದ್ದರಿಂದ ಊರಿನ ಹೆಸರು ನಂಬದೆ, ಮನೆ ಯಾವ ಟೌನ್‌ಶಿಪ್‌ಗೆ, ಯಾವ ಶಾಲಾ ಜಿಲ್ಲೆಗೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ; ಮನೆ ಇರುವ ಜಾಗದ ಮೇಲೆ ಮಗುವಿನ ಶಾಲೆ ನಿರ್ಧಾರವಾಗುತ್ತದೆ) ಸೇರುತ್ತದೆಂದು ಸಹಿ ಹಾಕುವ ಮುನ್ನವೇ ಕೇಳಲಿ. ಮನೆ ಕಂದಾಯದ ದೊಡ್ಡ ಪಾಲು ಶಾಲಾ ಜಿಲ್ಲೆಗೆ ಹೋಗುವುದರಿಂದ ಬಾಡಿಗೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಉತ್ತರ 2 (ವಿರಾಜಪೇಟೆಯಿಂದ)

ಆ ಪ್ರದೇಶದ ಸಿರಿವಂತಿಕೆಯ ಮೂಲ ರೈಲು. 1682ರಲ್ಲಿ ಅಲ್ಲಿಗೆ ಬಂದು ನೆಲೆಸಿದವರು ವೇಲ್ಸ್‌ನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಹೆಸರುಗಳು ಅಷ್ಟು ವಿಚಿತ್ರವಾಗಿರುವುದು ಅದರಿಂದಲೇ. ಆದರೆ ಬ್ರಿನ್ ಮಾರ್ ಎಂಬ ಹೆಸರು ಅಷ್ಟು ಹಳೆಯದಲ್ಲ. ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಯು ತನ್ನ ಮುಖ್ಯ ಮಾರ್ಗವನ್ನು ನೇರಗೊಳಿಸುವಾಗ ಜಮೀನು ಕೊಂಡು, ಹಂಫ್ರಿಸ್‌ವಿಲ್ ಎಂದಿದ್ದ ಊರಿಗೆ 1869ರಲ್ಲಿ ಈ ಹೆಸರಿಟ್ಟು, ನಗರದ ಧನಿಕರನ್ನು ಬರಮಾಡಿಕೊಂಡಿತು. ವೇಲ್ಸ್ ಭಾಷೆಯಲ್ಲಿ ಹಾಗೆಂದರೆ ದೊಡ್ಡ ಗುಡ್ಡ. (ನಮ್ಮ ತಡಿಯಂಡಮೋಳ್ ಕಂಡವರು ಅದನ್ನು ಗುಡ್ಡವೆನ್ನಲು ಸ್ವಲ್ಪ ಯೋಚಿಸಿಯಾರು!) ಅಥೆನ್ಸ್‌ವಿಲ್ 1873ರಲ್ಲಿ ಆರ್ಡ್‌ಮೋರ್ ಆಯಿತು. ಈ ಸಾಲಿಗೆ ಇಂದಿಗೂ ‘ಮೇನ್ ಲೈನ್’ ಎಂದೇ ಹೆಸರು. ಆರ್ಡ್‌ಮೋರ್‌ನಿಂದ ನಗರದ ನಡುವಿಗೆ ರೈಲಿನಲ್ಲಿ ಅರ್ಧ ಗಂಟೆ ಸಾಕು. ನಿಮ್ಮ ಅಳಿಯ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಹಿಡಿದರೆ ಎರಡನೇ ಕಾರಿನ ಖರ್ಚು ಉಳಿಯುತ್ತದೆ. ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ 1996ರಲ್ಲಿ ಓದು ಮುಗಿಸಿದ ಲೋವರ್ ಮೆರಿಯನ್ ಹೈಸ್ಕೂಲ್ ಇರುವುದೂ ಆರ್ಡ್‌ಮೋರ್‌ನಲ್ಲಿಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ರೈಲೇ ಇಲ್ಲದ ಜಿಲ್ಲೆಯವನಾದ ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಅಳಿಯ ನಿನ್ನೆ ನಾರ್ಬರ್ತ್ ಎಂಬಲ್ಲಿ ನಿಲ್ದಾಣದ ಹತ್ತಿರವೇ ಒಂದು ಮನೆ ನೋಡಿದ್ದಾರೆ. ಅದು ಲೋವರ್ ಮೆರಿಯನ್‌ಗೆ ಸೇರುತ್ತದೆಯೇ?

ಉತ್ತರ 1 (ಮಡಿಕೇರಿಯಿಂದ)

ಸೇರುವುದಿಲ್ಲ ಸರ್, ಸುತ್ತಲೂ ಲೋವರ್ ಮೆರಿಯನ್ ಇದ್ದರೂ ನಾರ್ಬರ್ತ್ ಬೇರೆಯೇ ಆಡಳಿತವುಳ್ಳ ಪುಟ್ಟ ಪಟ್ಟಣ. ಆದರೆ ಅಲ್ಲಿನ ಮಕ್ಕಳು ಓದುವುದು ಲೋವರ್ ಮೆರಿಯನ್ ಶಾಲಾ ಜಿಲ್ಲೆಯಲ್ಲಿಯೇ. ಬಾಡಿಗೆ ಹೊಂದುವುದಾದರೆ ತಡಮಾಡದೆ ಹಿಡಿಯಲಿ.