ಕೇಪಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ಏನು ಕೊರತೆ?

ಟೆರೇಸ್ ತೋಟ, ಬೆಂಗಳೂರು
14 ಇಂಚಿನ ಸಿಮೆಂಟ್ ಕುಂಡದಲ್ಲಿ ಕೆಂಪು ಕೇಪಳ ಇದೆ, ನರ್ಸರಿಯವರು ಇಕ್ಸೋರಾ ಅಂತಾರಲ್ಲ, ಅದೇ. ಮಧ್ಯಾಹ್ನದವರೆಗೂ ಒಳ್ಳೆ ಬಿಸಿಲು. ಕೆಳಗಿನ ಎಲೆಗಳು ಕಡುಹಸಿರಾಗೇ ಇವೆ. ಹೊಸ ಎಲೆ ಮಾತ್ರ ನಿಂಬೆ ಹಳದಿ, ಅದರಲ್ಲಿ ನರಗಳು ಹಸಿರಾಗಿ ಎದ್ದು ಕಾಣ್ತವೆ. ತೀರಾ ತುದಿಯ ಎಲೆಗಳು ಬಿಳಿಚಿ ಅಂಚು ಸುಡ್ತಿದೆ, ಗೊಂಚಲೂ ಚಿಕ್ಕದಾಗಿದೆ. ಹಾಕೋದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಆರ್‌ಓ ವೇಸ್ಟ್ ನೀರು. ತಿಂಗಳಿಗೊಮ್ಮೆ ಎರೆಗೊಬ್ಬರ, ಮೊಟ್ಟೆ ಚಿಪ್ಪಿನ ಪುಡಿ. ಎಪ್ಸಮ್ ಸಾಲ್ಟ್ ಕೊಟ್ಟರೂ ಬದಲಾಗಿಲ್ಲ. ಯೂರಿಯಾ ಕೊಡಲಾ?

ಬೇರುಬಿಳಲು
ಯೂರಿಯಾ ಬೇಡ. ಸಾರಜನಕ ಅಥವಾ ಮೆಗ್ನೀಷಿಯಂ ಕಮ್ಮಿಯಾದರೆ ಹಳದಿ ಶುರುವಾಗೋದು ಕೆಳಗಿನ ಹಳೇ ಎಲೆಯಿಂದ, ಯಾಕಂದ್ರೆ ಗಿಡ ಅವನ್ನು ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತೆ. ಕಬ್ಬಿಣವನ್ನು ಹಾಗೆ ಸಾಗಿಸೋಕೆ ಆಗಲ್ಲ, ಅದಕ್ಕೇ ಚಿಗುರು ಮೊದಲು ಸೊರಗೋದು. ನಿಮ್ಮದು ಕಬ್ಬಿಣದ ಕೊರತೆ. ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಷಿಯಂ, ಕೆಲಸ ಮಾಡದಿದ್ದದ್ದು ಸಹಜ.

ಕುಂಡದಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ಮ ಕೆಂಪು ಮಣ್ಣಲ್ಲಿ ಬೇಕಾದಷ್ಟಿದೆ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಕಮ್ಮಿಯಾದಷ್ಟೂ ಹುಳಿ) 7 ದಾಟಿದ ಮೇಲೆ ಅದು ಕರಗದೆ ಕೂತುಬಿಡುತ್ತೆ. ಕೇಪಳಕ್ಕೆ ಬೇಕಿರೋದು 5ರಿಂದ 6. ಸಿಮೆಂಟ್ ಕುಂಡ, ಗಡಸು ನೀರು, ಚಿಪ್ಪಿನ ಪುಡಿ ಮೂರೂ ಸೇರಿ ಸುಣ್ಣವನ್ನೇ ತುಂಬಿ ಪಿಎಚ್ ಏರಿಸ್ತಿವೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿರಬೇಕು ನೋಡಿ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಬುರುಬುರು ನೊರೆ ಬಂದರೆ ಸುಣ್ಣ ಇದೆ ಅಂತಲೇ.

ತಕ್ಷಣಕ್ಕೆ ಎಲೆಗೆ ಸಿಂಪಡಣೆ: 1 ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅದು ಕರಗಿದ ಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣ ಇರೋದು ಇದರಲ್ಲೇ). ಈ ಕ್ರಮ ತಿರುವುಮುರುವು ಮಾಡಬೇಡಿ. ಗಡಸು ನೀರಿಗೆ ನೇರ ಅನ್ನಭೇದಿ ಹಾಕಿದರೆ ತುಕ್ಕಿನ ಬಣ್ಣ ತಿರುಗಿ ತಳ ಸೇರುತ್ತೆ, ಆಮೇಲೆ ಅದು ದಂಡ. ಅಂಗಡಿಯಲ್ಲಿ ಕೊಳ್ಳುವಾಗಲೂ ತಿಳಿಹಸಿರು ಹರಳು ನೋಡಿ ತಗೊಳ್ಳಿ, ಕಂದು ಪುಡಿ ಹಳೇ ಮಾಲು. ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿ ನೆನೆಯೋ ಹಾಗೆ ಹೊಡೆಯಿರಿ, 10–15 ದಿನಕ್ಕೊಮ್ಮೆ ಮೂರು ಸಲ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗಲ್ಲ, ಕೆಳಗೆ ಗೋಣಿ ಹಾಸಿ.

ಸಿರಿಗಂಧ
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಬುಡಕ್ಕೆ ಕೊಡೋದಾದ್ರೆ ಗೊಬ್ಬರದ ಅಂಗಡಿಯಲ್ಲಿ ಬರೀ 'ಚೀಲೇಟೆಡ್ ಐರನ್' (ಕರಗಿದ ಸ್ಥಿತಿಯಲ್ಲೇ ಹಿಡಿದಿಡೋ ವಸ್ತುವಿಗೆ ಕಟ್ಟಿದ ಕಬ್ಬಿಣ) ಅಂತ ಕೇಳಬೇಡಿ. ಸಾಮಾನ್ಯವಾಗಿ ಕೈಗೆ ಕೊಡೋದು 12% ಕಬ್ಬಿಣ ಇರೋ ಇಡಿಟಿಎ ಬಗೆ, ಪಿಎಚ್ 6.5 ದಾಟಿದರೆ ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲ್ಲ. ನಿಮ್ಮ ಮಣ್ಣಿಗೆ ಇಡಿಡಿಎಚ್‌ಎ, 6% ಅಂತ ಬರೆದಿರೋದು ಬೇಕು. ಪುಡಿ ಕಂದುಗೆಂಪು, ನೀರಲ್ಲಿ ಕಡುಗೆಂಪಾಗಿ ಕರಗುತ್ತೆ. ದುಬಾರಿ, ಆದರೆ ನಿಮ್ಮ ಕುಂಡಕ್ಕೆ ಒಂದು ಸಲಕ್ಕೆ 2 ಗ್ರಾಂ ಸಾಕು. 2 ಲೀಟರ್ ನೀರಲ್ಲಿ ಕರಗಿಸಿ ಬುಡಕ್ಕೆ ಹಾಕಿ.

ಆರ್‌ಓ ವೇಸ್ಟ್ ನೀರು ಇವತ್ತೇ ನಿಲ್ಲಿಸಿ. ಬೋರ್ ನೀರಿನ ಉಪ್ಪೆಲ್ಲ ಇನ್ನೂ ಸಾಂದ್ರವಾಗಿ ಬರೋದು ಅದರಲ್ಲೇ. ಎಲೆಯ ಅಂಚು ಸುಡೋದರಲ್ಲಿ ಅದರ ಪಾಲೂ ಇದೆ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕೆ ಸಮ ಇಲ್ಲ. ಇಲ್ಲದಿದ್ದರೆ 10 ಲೀಟರ್ ಬೋರ್ ನೀರಿಗೆ 2–3 ಗ್ರಾಂ ನಿಂಬೆ ಉಪ್ಪು ಬೆರೆಸಿ, ಪಿಎಚ್ ಪೇಪರ್ 6ರ ಆಸುಪಾಸು ತೋರಿಸಬೇಕು. ಕಾಫಿ ಚರಟ ಹಾಕಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಡಿಕಾಕ್ಷನ್ ಇಳಿಸಿದ ಮೇಲೆ ಚರಟದಲ್ಲಿ ಹುಳಿ ಅಷ್ಟಾಗಿ ಉಳಿದಿರಲ್ಲ, ಅದರಿಂದ ಪಿಎಚ್ ಇಳಿಯಲ್ಲ.

ಮುರಕಲ್ಲು, ಪುತ್ತೂರು
ನಮ್ಮಲ್ಲಿ ಇದು ಗುಡ್ಡದಲ್ಲಿ ತಾನಾಗಿ ಬೆಳೆಯುವ ಗಿಡ. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮುರಕಲ್ಲು (ಜಂಬಿಟ್ಟಿಗೆ) ಮಣ್ಣು ಹುಳಿಯಾಗಿರುತ್ತದೆ, ನೀರೂ ನಿಲ್ಲುವುದಿಲ್ಲ. ಅಂಥ ಗಿಡವನ್ನು ಸಿಮೆಂಟ್ ಕುಂಡದಲ್ಲಿಟ್ಟು ಎಷ್ಟು ಔಷಧಿ ಹೊಡೆದರೂ ಅಷ್ಟೇ, ಮೊದಲು ಕುಂಡ ಬದಲಿಸಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟ ಕೇಪಳವೂ ಹಳದಿಯಾಗುವುದು ಗೋಡೆಯಿಂದ ಇಳಿದ ಸುಣ್ಣಕ್ಕೇ.

ಮಣ್ಣಿನ ಕುಂಡ ಅಥವಾ ಪ್ಲಾಸ್ಟಿಕ್ ಆದೀತು. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಒಂದು, ತೊಳೆದ ಕೊಕೊಪೀಟ್ ಒಂದು, ದಪ್ಪ ಮರಳು ಒಂದು. ಕೊಕೊಪೀಟ್ ತೊಳೆಯದಿದ್ದರೆ ಅದರ ಉಪ್ಪು ಬೇರೆ ಸೇರುತ್ತದೆ. ಬೇರುಂಡೆಯ ಹೊರಗಿನ ಒಂದಿಂಚು ಹಳೇ ಮಣ್ಣು ಉದುರಿಸಿ, ನಡುವಿನದನ್ನು ಕೆದಕಬೇಡಿ. ಬುಡದ ಮೇಲ್ಮಣ್ಣಿಗೆ 10 ಗ್ರಾಂ ಗಂಧಕದ ಪುಡಿ ಬೆರೆಸಿ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡಬೇಕು, ಎರಡು ಮೂರು ತಿಂಗಳು ಹಿಡಿಯುತ್ತದೆ. ಬೂದಿ, ಸುಣ್ಣ, ಚಿಪ್ಪು ಯಾವುದೂ ಬೇಡ.

ಟೆರೇಸ್ ತೋಟ, ಬೆಂಗಳೂರು
ವಿನೆಗರ್ ಹಾಕಿದೆ, ನೊರೆ ಬಂತು. ಹಳದಿ ಎಲೆ ಕಿತ್ತುಹಾಕಲಾ? ತುದಿ ಕತ್ತರಿಸಬಹುದಾ?

ಬೇರುಬಿಳಲು
ಕೀಳಬೇಡಿ, ಸಿಂಪಡಿಸಿದ ಮೇಲೆ ಸ್ವಲ್ಪ ಸ್ವಲ್ಪ ಹಸಿರು ತಿರುಗುತ್ತೆ. ಸುಟ್ಟ ಅಂಚು ಮಾತ್ರ ಹಾಗೇ ಉಳಿಯುತ್ತೆ. ಗುಣ ಆಗ್ತಿದೆಯಾ ಅಂತ ನೋಡಬೇಕಿರೋದು ಇನ್ನು ಮುಂದೆ ಬರೋ ಎಲೆಯಲ್ಲಿ, ಅದಕ್ಕೆ ಮೂರು ನಾಲ್ಕು ವಾರ ಬೇಕು. ಡಿಸೆಂಬರ್–ಜನವರಿ ಚಳಿಗೆ ಬೇರು ಮಂದ ಆಗಿ ಮತ್ತೆ ಸ್ವಲ್ಪ ಬಿಳಿಚಬಹುದು, ಆಗ ಗಾಬರಿಯಾಗಿ ಡೋಸ್ ಏರಿಸಬೇಡಿ.

ಕತ್ತರಿ ಈಗ ಬೇಡ. ಹೂ ಬಿಡೋದು ಹೊಸ ರೆಂಬೆಯ ತುದಿಯಲ್ಲಿ, ಬೇಲಿಯ ಹಾಗೆ ತಿಂಗಳು ತಿಂಗಳು ಸವರಿದರೆ ಮೊಗ್ಗೇ ಹೋಗುತ್ತೆ. ಗೊಂಚಲು ಒಣಗಿದ ಮೇಲೆ ಅದರ ಕೆಳಗಿನ ಒಂದು ಜೊತೆ ಎಲೆ ಸೇರಿಸಿ ಕತ್ತರಿಸಿ, ಅಲ್ಲಿಂದ ಎರಡು ಕವಲು ಬರುತ್ತೆ. ರೆಂಬೆ ಮೇಲೆ ಇರುವೆ ಸಾಲು ಕಂಡರೆ ಎಲೆ ತಿರುಗಿಸಿ ನೋಡಿ, ಹಿಟ್ಟುತಿಗಣೆ ಅಥವಾ ಕಂದು ಶಲ್ಕಕೀಟ (ಹುರುಪೆಯ ಹಾಗೆ ಅಂಟಿಕೊಂಡು ರಸ ಹೀರೋ ಹುಳ) ಇರೋ ಸಾಧ್ಯತೆ ಹೆಚ್ಚು. ಲೀಟರ್‌ಗೆ 5 ಎಂಎಲ್ ಬೇವಿನೆಣ್ಣೆ, ಅರ್ಧ ಟೀಚಮಚ ಸೋಪ್ ದ್ರಾವಣ. ಅನ್ನಭೇದಿ ಹೊಡೆದ ದಿನ ಇದನ್ನು ಹೊಡೆಯಬೇಡಿ.